ಏಳು ಗಂಟೆಯ ಅತ್ತೆ

ಮಂಗಳವಾರ, 3. ಬೆಳಿಗ್ಗೆ

ಹಬೆ ಹಿಡಿದದ್ದಾಯಿತು. ಬಿಸಿನೀರು ಎರಡು ಲೋಟ ಆಯಿತು. ಹಾಲಿನವನಿಗೆ 'ನಾಳೆಯಿಂದ ಅರ್ಧ ಲೀಟರ್ ಸಾಕು' ಎನ್ನಲು ಬಾಯಿ ತೆರೆದು, ನೆನಪಾಗಿ ಗಪ್ಪನೆ ಮುಚ್ಚಿಕೊಂಡೆ. ಒಂದು ಬೆರಳನ್ನು ಅರ್ಧ ಮಡಚಿ ತೋರಿಸಿದೆ. ಏನು ಅರ್ಥ ಮಾಡಿಕೊಂಡನೋ, ಒಂದೂವರೆ ಲೀಟರ್ ಕೊಟ್ಟು ಹೋದ.

ಮೌನದ ಎರಡನೇ ದಿನ. ಇನ್ನೂ ಹತ್ತೊಂಬತ್ತು ಇವೆ.

ಗಂಟಲಿನ ಡಾಕ್ಟರಮ್ಮ ಮೊನ್ನೆ ಕ್ಯಾಮೆರಾ ಇಳಿಸಿ ನೋಡಿದರು. ಸ್ವರತಂತುಗಳ ಮೇಲೆ ಎರಡು ಗಂಟು. "ಏನ್ ಕೆಲ್ಸ ಮಾಡ್ತೀರಿ?" ಎಂದು ಕೇಳಿದರು. ಕಿರುಚುವ ಕೆಲಸ ಎಂದೆ. ನಿಜ ತಾನೇ. ಬೇರೆ ಭಾಷೆಯ ಸೀರಿಯಲ್. ಪರದೆಯ ಮೇಲೆ ಬಾಯಿ ಆ ನಟಿಯದು, ಮಾತು ನನ್ನದು. ಎಂಟು ವರ್ಷದಿಂದ ಸೋಮವಾರದಿಂದ ಶನಿವಾರ, ಸಂಜೆ ಏಳು ಗಂಟೆಗೆ, ಮನೆಮನೆಯ ಹಾಲ್‌ನಲ್ಲಿ ಸೊಸೆಯ ಮೇಲೆ ಹರಿಹಾಯುವ ಅತ್ತೆ ನಾನೇ.

ಮೂರು ವಾರ ಮಾತಿಲ್ಲ. ಪಿಸುಗುಟ್ಟುವಂತೆಯೂ ಇಲ್ಲ, ಅದು ಇನ್ನೂ ಕೆಟ್ಟದ್ದಂತೆ. "ಮೂರು ವಾರಾನಾ?" ಎಂದು ಗಂಡ ಕೇಳಿದರು. ಮುಖದಲ್ಲಿ ಕಳವಳ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕಳವಳದ ಹಿಂದೆ ಇನ್ನೇನೋ ಇತ್ತು. ಬಾಯಿ ಬರಲಿ, ವಿಚಾರಿಸಿಕೊಳ್ಳುತ್ತೇನೆ.

ಮಗಳು ಪುಟ್ಟ ಬಿಳಿ ಬೋರ್ಡು, ಮಾರ್ಕರ್ ತಂದುಕೊಟ್ಟಿದ್ದಾಳೆ. ಅದರಲ್ಲಿ ಆರು ಪದ ಹಿಡಿಯುತ್ತವೆ. ನನ್ನ ಅಭಿಪ್ರಾಯ ಯಾವತ್ತೂ ಆರು ಪದಕ್ಕೆ ಮುಗಿದದ್ದಿಲ್ಲ. ಅದಕ್ಕೇ ಈ ಡೈರಿ.

ಬುಧವಾರ, 4

ಮಾತು ನಿಂತವಳಿಗೆ ಬುದ್ಧಿ ಹೇಳುವುದು ಸುಲಭ ಎಂದು ಎಲ್ಲರಿಗೂ ಗೊತ್ತಾಗಿಬಿಟ್ಟಿದೆ.

ಎದುರುಮನೆಯ ವಾಕಿಂಗ್ ಆಂಟಿ ಬಂದಿದ್ದರು. ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ಕೂತು ಮಾತಾಡುವಾಗಲೂ ಆ ಕೈಯನ್ನು ಅಲ್ಲಾಡಿಸುತ್ತಲೇ ಇರುತ್ತಾರೆ, ಲೆಕ್ಕ ಏರಲಿ ಎಂದು. ಮೊನ್ನೆ ಲಿಫ್ಟಿನಲ್ಲಿ ನಿಂತಲ್ಲೇ ನೂರಿಪ್ಪತ್ತು ಹೆಜ್ಜೆ ನಡೆದರು. ಯಾರಿಗೆ ಮೋಸ, ಹೇಳಿ? "ಗಂಟ್ಲು ಅಂದ್ರೆ ಹೊಟ್ಟೆಯಿಂದ ಬರೋದು ಕಣ್ರೀ, ನಾನೊಂದು ವಿಡಿಯೊ ಕಳಿಸ್ತೀನಿ" ಎಂದರು. ಹದಿನಾಲ್ಕು ಕಳಿಸಿದರು. ಒಂದರಲ್ಲಿ ತಣ್ಣೀರು ಅಮೃತ, ಇನ್ನೊಂದರಲ್ಲಿ ತಣ್ಣೀರು ವಿಷ. ಇಬ್ಬರೂ ಬಿಳಿ ಕೋಟು ಹಾಕಿಕೊಂಡೇ ಹೇಳುತ್ತಾರೆ.

ಗಂಡ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇರುವುದು. ಈಗ ರಿಪೋರ್ಟು ಡಾಕ್ಟರಿಗಿಂತ ಮೊದಲು ಫೋನಿಗೆ ಬರುತ್ತದಲ್ಲ, ಕೆಂಪಕ್ಷರ ಕಂಡ ಕೂಡಲೇ ಜನ ಲ್ಯಾಬಿಗೇ ಓಡಿಬರುತ್ತಾರಂತೆ, 'ನಾನು ಉಳೀತೀನಾ' ಎಂದು. ಹಿಂದೆಲ್ಲ ಕಾಯಿಲೆ ಬಂದ ಮೇಲೆ ಹೆದರುತ್ತಿದ್ದೆವು. ಈಗ ಮೊದಲೇ ಹೆದರಿ, ಕಾಯಿಲೆ ಬರಲಿ ಎಂದು ಬಾಗಿಲು ಕಾಯುತ್ತೇವೆ.

ಇದನ್ನು ಗಟ್ಟಿಯಾಗಿ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬರೆದರೆ ಉಪ್ಪಿಲ್ಲ.

ಶನಿವಾರ, 7

'ಒನ್‌ಮೋರ್' ಗಂಡನ ನಂಬರಿಗೆ ಫೋನ್ ಮಾಡಿದ್ದ. ನಮ್ಮ ಡಬ್ಬಿಂಗ್ ಇನ್‌ಚಾರ್ಜ್. ಎಷ್ಟೇ ಚೆನ್ನಾಗಿ ಹೇಳಿದರೂ "ಒನ್ ಮೋರ್, ಇನ್ನೂ ಜೋರಾಗಿ" ಎನ್ನುವುದರಿಂದ ಆ ಹೆಸರು. ಗಂಡ ಸ್ಪೀಕರ್‌ಗೆ ಹಾಕಿದರು.

"ಅಕ್ಕಾ, ಟೆನ್ಷನ್ ತಗೋಬೇಡಿ. ತಿಂಗಳ ಕೊನೆವರ್ಗೂ ಗುಬ್ಬಿ ಮಾಡ್ತಾಳೆ. ಅಷ್ಟ್ರಲ್ಲಿ ನೀವು ಬಂದ್ಬಿಟ್ರೆ ಸೀಟು ನಿಮ್ದೇ. ಬರ್ಲಿಲ್ಲ ಅಂದ್ರೆ... ಚಾನೆಲ್‌ನೋರು ಅಗ್ರಿಮೆಂಟು ಗುಬ್ಬಿ ಹೆಸ್ರಿಗೆ ಮಾಡಿ ಅಂತಾರೆ. ನನ್ ಕೈಲಿಲ್ಲ."

ಗುಬ್ಬಿ ನಾನೇ ಕೈಹಿಡಿದು ಕರೆತಂದವಳು. ಎರಡು ಮಕ್ಕಳ ತಾಯಿ. ಆರು ವರ್ಷದಿಂದ ಸೀರಿಯಲ್‌ಗಳಲ್ಲಿ ನರ್ಸು, ಪಕ್ಕದ್ಮನೆಯವಳು, 'ಅಯ್ಯೋ ಅಮ್ಮಾವ್ರೇ' ಎನ್ನುವ ಕೆಲಸದವಳು. ಒಳ್ಳೆಯವಳು. ಅವಳ ಮೇಲೆ ಸಿಟ್ಟು ಬರಬಾರದು. ಬಂತು.

ಸಂಜೆ ಏಳಕ್ಕೆ ಟಿವಿ ಮುಂದೆ ಕೂತೆ. ನಾನು ಮೊದಲೇ ಹೇಳಿಟ್ಟ ಎಪಿಸೋಡುಗಳು ಇವತ್ತಿನದೂ ಸೇರಿ ಇನ್ನೂ ಎರಡಿವೆ. ಅತ್ತೆ ಸೊಸೆಯ ಸೂಟ್‌ಕೇಸ್ ತೆಗೆದು ಹುಡುಕುತ್ತಿದ್ದಳು. ಅವಳ ಜೊತೆ ನನ್ನ ಬಾಯಿಯೂ ಆಡುತ್ತಿತ್ತು. ಸದ್ದಿಲ್ಲ, ಉಸಿರೂ ಇಲ್ಲ. ಬರೀ ಬಾಯಿ. ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. "ಅಮ್ಮ, ಅಕ್ವೇರಿಯಂ ಮೀನು!"

ನಗಲಿ. ಅಭ್ಯಾಸ ತಪ್ಪದಿರಲಿ ಎಂದು ದಿನವೂ ಇದನ್ನೇ ಮಾಡಬೇಕು ಎಂದುಕೊಂಡಿದ್ದೇನೆ.

ಮಂಗಳವಾರ, 10

ಇವತ್ತು ಗುಬ್ಬಿಯ ಧ್ವನಿ ಬಂತು.

ಚೆನ್ನಾಗಿಲ್ಲ. ಅಸೂಯೆಯಿಂದ ಹೇಳುತ್ತಿಲ್ಲ... ಸರಿ, ಅಸೂಯೆಯೂ ಇದೆ. ಆದರೆ ಚೆನ್ನಾಗಿಲ್ಲ. ಅತ್ತೆಯ ತುಟಿ ಮುಚ್ಚಿದಾಗ ಇವಳ ಮಾತಿನಲ್ಲಿ 'ಪ' 'ಬ' 'ಮ' ಯಾವುದಾದರೂ ಬೀಳಬೇಕು. ಇಲ್ಲದಿದ್ದರೆ ಬಾಯೊಂದು ಕಡೆ, ಮಾತೊಂದು ಕಡೆ. ಕಿರುಚಿದ್ದಾಳೆ, ಪಾಪ, ಶಕ್ತಿ ಮೀರಿ. ಮಕ್ಕಳು ಊಟ ಬಿಟ್ಟಾಗ ಕಿರುಚುವ ಹಾಗಿತ್ತು.

ಗಂಡನ ಮುಖ ನೋಡಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಬೋರ್ಡಿನಲ್ಲಿ ಬರೆದು ಮೂಗಿಗೆ ಹಿಡಿದೆ: 'ಧ್ವನಿ ಬದಲಾಗಿದ್ದು ಗೊತ್ತಾಯ್ತಾ?'

"ಹೌದಾ? ನಂಗೇನೂ ಗೊತ್ತಾಗ್ಲಿಲ್ವಲ್ಲ."

ಎಂಟು ವರ್ಷ ಕೇಳಿದ ಧ್ವನಿ. ಒಂದೇ ಮನೆ, ಒಂದೇ ಹಾಸಿಗೆ. ಎದ್ದುಹೋಗಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ. ಡಾಕ್ಟರಮ್ಮ ಪಾತ್ರೆಗಳ ಬಗ್ಗೆ ಏನೂ ಹೇಳಿಲ್ಲ.

ನಾಳೆಯಿಂದ ಟಿವಿ ಸೌಂಡ್ ಪೂರ್ತಿ ತೆಗೆಯುತ್ತೇನೆ. ಅವಳದು ಕೇಳಿಸದಿದ್ದರೆ ನನ್ನದು ನನಗೆ ಕೇಳಿಸುತ್ತದೆ.

ಭಾನುವಾರ, 15

ಬರೆಯಲು ಮನಸ್ಸಿರಲಿಲ್ಲ. ಇವತ್ತು ಬರೆಯಲೇಬೇಕು.

ಬಟ್ಟೆ ಮಡಚುತ್ತಿದ್ದೆ. ಮಗಳು ಪಕ್ಕದಲ್ಲಿ ಬಂದು ಕೂತಳು. ಒಂದು ಟವೆಲನ್ನು ನಾಲ್ಕು ಸಲ ಮಡಚಿ, ನಾಲ್ಕು ಸಲ ಬಿಚ್ಚಿದಳು. ಆಮೇಲೆ ಗೋಡೆ ನೋಡುತ್ತಾ ಹೇಳಿದಳು:

"ಅಮ್ಮ, ಫಿಸಿಕ್ಸ್‌ನಲ್ಲಿ ನೂರಕ್ಕೆ ಮೂವತ್ತೊಂದು. ಹೋದ್ ಟರ್ಮ್‌ದು. ಎರಡು ತಿಂಗ್ಳಾಯ್ತು."

ನಾನು ಬೋರ್ಡು ಎತ್ತಿಕೊಂಡೆ. 'ಎರಡು ತಿಂಗಳು ಬಾಯಲ್ಲಿ ಏನು ಇಟ್ಟುಕೊಂಡಿದ್ದೆ' ಎಂದು ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಒರೆಸಿದೆ. 'ಫೋನು ಕಿತ್ತಿಟ್ಟರೆ ಎಲ್ಲ ಸರಿ' ಎಂದು ಶುರು ಮಾಡಿದೆ. ಅವಳು ನನ್ನ ಕೈ ನೋಡುತ್ತಾ ಕಾಯುತ್ತಿದ್ದಳು. ಬಯ್ಗುಳವನ್ನು ಒಂದೊಂದೇ ಅಕ್ಷರ ಬರೆಯುವಾಗ, ಅದು ಎಷ್ಟು ಸಣ್ಣ ಮಾತು ಎಂದು ಬರೆಯುವವಳಿಗೇ ಕಾಣುತ್ತದೆ. ಅದನ್ನೂ ಒರೆಸಿದೆ. ಕೊನೆಗೆ ಬರೆದದ್ದು ಒಂದೇ ಪದ: 'ಯಾಕೆ?'

ಮುಕ್ಕಾಲು ಗಂಟೆ ಮಾತಾಡಿದಳು. ಲೆಕ್ಕಗಳು ಅರ್ಥವಾಗುವುದಿಲ್ಲವಂತೆ, ಕೇಳಿದರೆ ಮೇಷ್ಟ್ರು ಕ್ಲಾಸಿನ ಮುಂದೆ ನಗುತ್ತಾರಂತೆ, ಅದಕ್ಕೆ ಕೇಳುವುದನ್ನೇ ಬಿಟ್ಟಿದ್ದಾಳಂತೆ. ಏನೂ ಗೊತ್ತಿರಲಿಲ್ಲ ನನಗೆ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಬರೆದೆ.

"ಹೇಳಿದ್ರೆ ನೀನು ಏಳು ಗಂಟೆ ಅತ್ತೆ ಥರ ಶುರು ಮಾಡ್ತೀಯಲ್ಲ. ಈಗ ಹೇಳೋಕೆ ಚೆನ್ನಾಗಿದೆ."

ಸಂಕಟವಾಯಿತು. ತುಂಬಾ. ಆದರೂ ಅವಳು ಎದ್ದು ಹೋಗಲಿಲ್ಲ. ಉಳಿದ ಬಟ್ಟೆಯನ್ನೆಲ್ಲ ಅವಳೇ ಮಡಚಿದಳು. ಅಂಕುಡೊಂಕು.

ಮಂಗಳವಾರ, 17

ಎರಡು ವಾರದ ತಪಾಸಣೆ. ಡಾಕ್ಟರಮ್ಮ ಮತ್ತೆ ಕ್ಯಾಮೆರಾ ಇಳಿಸಿದರು. ಅವರ ಹುಬ್ಬು ಗಂಟಿಕ್ಕಿದ್ದು ನೋಡಿಯೇ ತಿಳಿಯಿತು.

"ಗಂಟು ಇಳಿದೇ ಇಲ್ವಲ್ರೀ. ಮಾತಾಡಿದ್ರಾ?"

ತಲೆ ಆಡಿಸಿದೆ, ಇಲ್ಲ ಎಂದು. ಗಂಡ ಸಾಕ್ಷಿ ಹೇಳಿದರು. "ಒಂದಕ್ಷರ ಇಲ್ಲ ಡಾಕ್ಟ್ರೇ. ಮನೆ ಲೈಬ್ರರಿ ಆಗಿದೆ."

"ಮತ್ತೆ ದಿನಾ ಏನ್ ಮಾಡ್ತೀರಿ?"

ಗಂಡನಿಗೆ ಎಲ್ಲಿಂದ ನೆನಪಾಯಿತೋ. ನಗುತ್ತಾ, ಹೆಂಡತಿಯ ಜಾಣತನ ತೋರಿಸುವವರಂತೆ, ದಿನವೂ ಏಳು ಗಂಟೆಗೆ ಟಿವಿ ಮುಂದೆ ಹೇಗೆ ಬಾಯಾಡಿಸುತ್ತೇನೆ ಎಂದು ಹೇಳಿದರು. ಡಾಕ್ಟರಮ್ಮ ನಗಲಿಲ್ಲ. ತಮ್ಮ ಫೋನಿನಲ್ಲೇ ಸೀರಿಯಲ್ ಹಾಕಿ, ನನ್ನ ಗಂಟಲಿನ ಮೇಲೆ ಎರಡು ಬೆರಳಿಟ್ಟರು. "ಮಾಡಿ, ನೋಡೋಣ."

ಅತ್ತೆ ಬಾಯಿ ತೆರೆದಳು, ನಾನೂ ತೆರೆದೆ. ಸದ್ದಿಲ್ಲ. ಆದರೆ ಅವರ ಬೆರಳಿನ ಕೆಳಗೆ ಕುತ್ತಿಗೆ ಹಗ್ಗದ ಹಾಗೆ ಬಿಗಿದದ್ದು ನನಗೇ ಗೊತ್ತಾಯಿತು.

"ಸದ್ದು ಹೊರಗೆ ಬಂದಿಲ್ಲ ಅಷ್ಟೇ ಕಣಮ್ಮ. ಒಳಗಡೆ ಡ್ಯೂಟಿ ಮಾಡ್ತಾನೇ ಇದ್ದೀರಿ. ಇವತ್ತಿಂದ ಹೊಸದಾಗಿ ಎರಡು ವಾರ. ಆ ಸೀರಿಯಲ್ ನೋಡೋ ಹಾಗೇ ಇಲ್ಲ."

ಎರಡು ವಾರ ಎಂದರೆ ಒಂದನೇ ತಾರೀಖು. ಒನ್‌ಮೋರ್ ಕೊಟ್ಟ ಗಡುವು ಮುಗಿದೇ ಹೋಗುತ್ತದೆ. ಎಲ್ಲರೂ ಮಾತಾಡಿ ಕೆಡಿಸಿಕೊಂಡರೆ ನಾನು ಸುಮ್ಮನಿದ್ದು ಕೆಡಿಸಿಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ದಾರಿಯಲ್ಲಿ ಅಳು ಬಂತು. ಬಿಕ್ಕುವುದಕ್ಕೂ ಗಂಟಲು ಬೇಕು. ಅದೂ ಮಾಡುವಂತಿಲ್ಲ. ಕಣ್ಣಿನಿಂದ ಸುಮ್ಮನೆ ಇಳಿಯಿತು. ಗಂಡ ಗಾಡಿ ನಿಲ್ಲಿಸಿ, ಜೇಬಿನಿಂದ ಕರ್ಚೀಫು ತೆಗೆದು, ಮತ್ತೆ ಒಳಗಿಟ್ಟುಕೊಂಡು, "ಇದು ಕ್ಲೀನ್ ಇಲ್ಲ" ಎಂದು ತಮ್ಮ ಶರ್ಟಿನ ತೋಳು ಕೊಟ್ಟರು.

ಶುಕ್ರವಾರ, 20

ಏಳು ಗಂಟೆಗೆ ಮನೆಯಲ್ಲಿದ್ದರೆ ಕೈ ರಿಮೋಟಿಗೆ ಹೋಗುತ್ತದೆ. ಅದಕ್ಕೆ ಗಂಡ, ನಾನು ಇಬ್ಬರೂ ನಡೆಯಲು ಹೋಗುತ್ತೇವೆ. ವಾಚಿಲ್ಲದೆ ನಡೆಯುವವರು ನಾವಿಬ್ಬರೇ.

ಪಾರ್ಕಿನ ಬೆಂಚುಗಳಲ್ಲಿ ಎಲ್ಲರೂ ಮಾತಾಡುತ್ತಾರೆ, ಪಕ್ಕದವರ ಜೊತೆ ಯಾರೂ ಇಲ್ಲ. ಒಬ್ಬಾತ ಕಿವಿಗೆ ಸಿಕ್ಕಿಸಿಕೊಂಡು ಮರಕ್ಕೆ ಬಯ್ಯುತ್ತಿದ್ದ: "ಸೋಮವಾರದೊಳಗೆ ಫೈಲ್ ಬರ್ಬೇಕು ಅಷ್ಟೇ!" ಮರ ಒಪ್ಪಿಕೊಂಡಂತೆ ಕಾಣಲಿಲ್ಲ. ಇನ್ನೊಂದು ಹುಡುಗಿ ಒಂದೇ ಕುಣಿತವನ್ನು ಫೋನಿನ ಮುಂದೆ ಹನ್ನೆರಡು ಸಲ ಕುಣಿದಳು. ಮೊದಲು ಮೂಗು ಮುರಿದೆ. ಆಮೇಲೆ ಅನ್ನಿಸಿತು, ಇವಳೂ ಒನ್ ಮೋರ್ ಗಿರಾಕಿಯೇ. ನಮಗಾದರೆ ಹೇಳುವವನೊಬ್ಬ ಇದ್ದ, ಇವಳಿಗೆ ಇವಳೇ.

ಗಂಡ ನನ್ನ ಜೊತೆ ಮಾತಾಡಲಿಲ್ಲ. ಸನ್ನೆಯಲ್ಲಿ ಕೇಳಿದರೆ, "ನೀನು ಸುಮ್ನಿರುವಾಗ ನಾನೊಬ್ನೇ ಮಾತಾಡೋದು ಸರಿಯಲ್ಲ" ಎಂದರು. ಹೊಟ್ಟೆ ತುಂಬಿದ ಹಾಗಾಯಿತು. ಹತ್ತನೇ ತಾರೀಖಿನ 'ಗೊತ್ತಾಗ್ಲಿಲ್ವಲ್ಲ'ವನ್ನು ಅರ್ಧ ಕ್ಷಮಿಸಿದ್ದೇನೆ.

ಮಂಗಳವಾರ, 1

ಗಂಟು ಇಳಿದಿದೆ! ದಿನಕ್ಕೆ ಐದು ನಿಮಿಷ ಮಾತಾಡಬಹುದು. ಮೆಲ್ಲಗೆ. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಆದರೆ ದಿನವಿಡೀ ಮೈಕ್ ಮುಂದೆ ಕಿರುಚುವುದು? "ಬೇಡಮ್ಮ. ಕೇಳಲ್ಲ ಅಂದ್ರೆ ಮಾಡಿ. ಮುಂದಿನ್ಸಲ ಆಪರೇಷನ್ನೇ. ಆಮೇಲೆ ಈ ಧ್ವನಿ ಇದೇ ಥರ ಇರುತ್ತೆ ಅಂತ ನಾನು ಬರ್ಕೊಡಲ್ಲ."

ಸಂಜೆ ಒನ್‌ಮೋರ್. "ಅಕ್ಕಾ, ಅಗ್ರಿಮೆಂಟು ಒಂದಿನ ತಳ್ಳಿದೀನಿ. ನಾಳೆ ಹನ್ನೆರಡಕ್ಕೆ ಬನ್ನಿ. ಸೊಸೇನ ಆಚೆ ಹಾಕೋ ಸೀನು. ಚಾನೆಲ್‌ನೋರು ಕೂತಿರ್ತಾರೆ. ಒಂದ್ಸಲ ಗುಡುಗಿಬಿಡಿ ಸಾಕು."

ಹೋಗುತ್ತೇನೆ. ಒಂದೇ ಸಲ ತಾನೇ? ಇವತ್ತಿನ ಐದು ನಿಮಿಷವನ್ನೂ ಬಳಸಲಿಲ್ಲ. ಗಂಡ, ಮಗಳು ಇಬ್ಬರೂ ಮುಖ ಮುಖ ನೋಡಿಕೊಂಡರು. ಬೋರ್ಡಿನಲ್ಲಿ 'ನಾಳೆಗೆ ಉಳಿಸಿದ್ದೇನೆ' ಎಂದು ಬರೆದೆ.

ಬುಧವಾರ, 2. ಮಧ್ಯಾಹ್ನ

ಒಂಬತ್ತಕ್ಕೆ ಬೆಲ್ ಆಯಿತು. ಗುಬ್ಬಿ. ಕಣ್ಣು ಊದಿಕೊಂಡಿತ್ತು.

"ಅಕ್ಕಾ, ನಿಮ್ಮ ಸೀಟಿಗೆ ನಾನು ಆಸೆ ಪಟ್ಟೋಳಲ್ಲ. ಹನ್ನೆರಡಕ್ಕೆ ನೀವು ಬರ್ತೀರಿ ಅಂತಾನೂ ಗೊತ್ತು. ಆದ್ರೆ ನಿನ್ನೆ ಅದೇ ಸೀನಿಗೆ ಇಪ್ಪತ್ಮೂರು ಟೇಕು. ಎಲ್ಲರ ಮುಂದೆ ಬೈಸ್ಕೊಂಡೆ. ಮಾತಾಡೋಕಾಗ್ದೇ ಇದ್ರೂ ಪರ್ವಾಗಿಲ್ಲ, ಎಲ್ಲಿ ತಪ್ತಿದೀನಿ ಅಂತ ಬರೆದು ಕೊಡಿ ಸಾಕು."

ಬೋರ್ಡು ಎತ್ತಿಕೊಂಡೆ. ಧ್ವನಿಯನ್ನು ಬರೆದುಕೊಡುವುದು ಹೇಗೆ? ಕೆಳಗಿಟ್ಟೆ. ಮಗಳಿಗೆ ಸನ್ನೆ ಮಾಡಿದೆ. ಅವಳು ಅನುಮಾನದಿಂದಲೇ ಫೋನಿನಲ್ಲಿ ಐದು ನಿಮಿಷಕ್ಕೆ ಟೈಮರ್ ಇಟ್ಟಳು.

ಒಂದು ತಿಂಗಳ ಮೇಲೆ ಬಾಯಿಂದ ಬಿದ್ದ ಮೊದಲ ಮಾತು: "ಕಿರುಚಬೇಡ."

ತುಕ್ಕು ಹಿಡಿದ ಕದದ ಹಾಗಿತ್ತು. ಆದರೂ ಬಂತು. ಕಿರುಚುವುದು ಆ ನಟಿಯ ಕಣ್ಣಲ್ಲೇ ಇದೆ, ಮತ್ತೆ ನೀನ್ಯಾಕೆ ಕಿರುಚಬೇಕು ಎಂದೆ. ಅತ್ತೆಗೆ ಸೊಸೆ ಮೇಲೆ ಸಿಟ್ಟಲ್ಲ, ಮನೆ ಕೈಬಿಟ್ಟು ಹೋಗುತ್ತಲ್ಲ ಎನ್ನುವ ಹೆದರಿಕೆ ಎಂದೆ. ಮೈಕ್ ಹತ್ತಿರ ಹೋಗು, ತುಟಿ ಮುಚ್ಚಿದ ಕಡೆ ನೀನೂ ನಿಲ್ಲು ಎಂದೆ. ಆಮೇಲೆ ಆ ಸಾಲನ್ನು ಒಂದು ಸಲ ಹೇಳಿ ತೋರಿಸಿದೆ, ತೀರಾ ಮೆಲ್ಲಗೆ: "ಹೊಸ್ತಿಲು ದಾಟಿದ ಮೇಲೆ ತಿರುಗಿ ನೋಡಬೇಡ."

ಗುಬ್ಬಿಯ ತೋಳಿನ ಮೇಲೆ ರೋಮ ನಿಂತಿತ್ತು. ನನ್ನದರ ಮೇಲೂ. ಎಂಟು ವರ್ಷ ಜೋರು, ಇನ್ನೂ ಜೋರು ಎಂದು ಒನ್‌ಮೋರ್ ಹೇಳಿದ್ದಕ್ಕೆಲ್ಲ ಕಿರುಚಿದೆನಲ್ಲ. ಇದನ್ನು ನಾನೇ ಯಾಕೆ ಒಂದು ಸಲವೂ ಮಾಡಿ ನೋಡಲಿಲ್ಲ?

ಗುಬ್ಬಿ ಹೇಳಿದಳು. ಮೂರನೇ ಸಲಕ್ಕೆ ಸರಿಯಾಯಿತು. ಸರಿ ಎನ್ನುವುದಕ್ಕಿಂತ ಹೆಚ್ಚು. ಟೈಮರ್ ಬಡಿದುಕೊಂಡಿತು.

ಹನ್ನೊಂದಕ್ಕೆ ಸೀರೆ ಉಟ್ಟು ಚಪ್ಪಲಿ ಮೆಟ್ಟಿದೆ. ಗಂಡ ರಜೆ ಹಾಕಿದ್ದರು, ಗಾಡಿಯ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಂಟಲಿನಲ್ಲಿ ಸಣ್ಣಗೆ ಮುಳ್ಳಾಡಿದಂತಾಯಿತು. ಬೆಳಿಗ್ಗೆ ಮಾತಾಡಿದ ಐದೇ ಐದು ನಿಮಿಷಕ್ಕೆ. ಅಲ್ಲೇ ಸ್ಟೂಲಿನ ಮೇಲೆ ಕೂತೆ. ಚಪ್ಪಲಿ ಬಿಚ್ಚಿದೆ.

ಹೆದರಿದೆ. ಅಷ್ಟೇ. ತ್ಯಾಗ-ಗೀಗ ಏನೂ ಅಲ್ಲ. ಒನ್‌ಮೋರ್‌ಗೆ ಮೆಸೇಜ್ ಹಾಕಿದೆ: 'ಬರುವುದಿಲ್ಲ. ಗುಬ್ಬಿಗೆ ಕೊಡು. ಅವಳಿಗೆ ಜೋರು ಎನ್ನಬೇಡ.'

ಮಂಗಳವಾರ, 8. ಸಂಜೆ

ಐದು ದಿನ ಡೈರಿ ಮುಟ್ಟಲಿಲ್ಲ. ಅಗ್ರಿಮೆಂಟಿಗೆ ಗುಬ್ಬಿ ಸಹಿ ಹಾಕಿದಳಂತೆ.

ಇವತ್ತು ಆ ಸೀನು ಇತ್ತು. ನೋಡಿದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನೋಡಿದೆ. "ಹೊಸ್ತಿಲು ದಾಟಿದ ಮೇಲೆ..." ಎಷ್ಟು ಮೆಲ್ಲಗೆ ಹೇಳಿದ್ದಾಳೆ. ಹೊಟ್ಟೆ ಧಗಧಗ ಉರಿಯಿತು. ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಆಗಬಹುದು ಎಂದು ಗೊತ್ತಿರಲಿಲ್ಲ.

ಸೀರಿಯಲ್ ಮುಗಿದು ಎರಡು ನಿಮಿಷ ಆಗಿರಲಿಲ್ಲ, ಬೆಲ್ಲು. ವಾಕಿಂಗ್ ಆಂಟಿ. ಕಣ್ಣೊರೆಸಿಕೊಳ್ಳುತ್ತಿದ್ದರು. ಕೈ ಅಲ್ಲಾಡಿಸುವುದನ್ನೇ ಮರೆತಿದ್ದರು.

"ಧ್ವನಿ ವಾಪಸ್ ಬಂತಲ್ರೀ! ಈಗ ತಾನೇ ಕೇಳ್ದೆ. ಎಂಟು ವರ್ಷದಲ್ಲಿ ಇಷ್ಟು ಚೆನ್ನಾಗಿ ನೀವು ಯಾವತ್ತೂ ಹೇಳಿರ್ಲಿಲ್ಲ ಬಿಡಿ!"

ಇವತ್ತಿನ ಐದು ನಿಮಿಷ ಹಾಗೇ ಇತ್ತು. ಅದು ನಾನಲ್ಲ ಎನ್ನಲು ಎರಡು ಸೆಕೆಂಡು ಸಾಕಿತ್ತು. ಹೇಳಲಿಲ್ಲ. ಅವರ ಕೈ ಹಿಡಿದು ನಕ್ಕೆ. ಅವರು ಹೋದ ಮೇಲೆ ಬಾಗಿಲು ಹಾಕಿದೆ.

ಮಗಳು ಫಿಸಿಕ್ಸ್ ಪುಸ್ತಕ ಹಿಡಿದು ಬಂದು ಕೂತಿದ್ದಾಳೆ. ನನಗೆ ಫಿಸಿಕ್ಸ್ ಬರುವುದಿಲ್ಲ ಎಂದು ಅವಳಿಗೂ ಗೊತ್ತು. "ಪರ್ವಾಗಿಲ್ಲಮ್ಮ, ನೀನು ಪ್ರಶ್ನೆ ಓದು, ನಾನು ಹೇಳ್ತೀನಿ" ಎನ್ನುತ್ತಾಳೆ. ಟೈಮರ್ ಒತ್ತಿಯೇಬಿಟ್ಟಳು. ನಾಲ್ಕು ನಿಮಿಷ ಐವತ್ತು... ಇರು, ಬಂದೆ, ಮೊದಲನೇ ಪ್ರಶ್ನೆ