ಉಮೇಶನನ್ನು ಗೇಟಿನಾಚೆಯೇ ನಿಲ್ಲಿಸಿ

ರೀ,

ಸತ್ತ ಬೆಲ್ಲನ ಬದಲಿಗೆ ಇನ್ನೊಂದು ನಾಯಿಮರಿ ಹಿಡಿದುಕೊಂಡು ನಿಮ್ಮ ಚಿಕ್ಕಪ್ಪನ ಮಗ ಉಮೇಶ ಮಧ್ಯಾಹ್ನ ಬರುತ್ತಾನೆ. ಮರಿಯನ್ನು ಒಳಗೆ ಬಿಡಬೇಡಿ. ಬೆಲ್ಲ ವಾಂತಿ ಮಾಡಿಕೊಂಡ ಅಂಗಳದಲ್ಲಿ ಅವನನ್ನು ಕೊಂದ ಪಾರ್ವೊ ವೈರಸ್ ವರ್ಷದವರೆಗೂ ಬದುಕಿರಬಹುದಂತೆ. ನೀವು ಸುರಿದ ಫಿನಾಯಿಲ್‌ಗೆ ಅದು ಸಾಯುವುದಿಲ್ಲ. ಬಚ್ಚಲಲ್ಲಿ ಬ್ಲೀಚಿಂಗ್ ಪೌಡರ್ ಇಟ್ಟಿದ್ದೇನೆ, ನೀರಲ್ಲಿ ಕಲಸಿ ಅಂಗಳಕ್ಕೆಲ್ಲ ಹಾಕಿ. ನಿಮ್ಮ ಚಪ್ಪಲಿಯನ್ನೂ ತೊಳೆಯಿರಿ.

ಉಮೇಶನಿಗೆ ಕಾಫಿ ಕೊಡಬೇಡಿ. ಮನಸ್ಸು ತಡೆಯದಿದ್ದರೆ ಗೇಟಿನಾಚೆ ನಿಲ್ಲಿಸಿ ಕೊಡಿ.

ಬೆಲ್ಲನನ್ನು ನಮಗೆ ಮಾರುವಾಗ "ಸೂಜಿ ಆಗೈತೆ ಅತ್ತಿಗೆ" ಎಂದಿದ್ದನಲ್ಲ, ಅದು ಹುಚ್ಚುನಾಯಿ ರೋಗದ ಸೂಜಿ. ಅವನಿಗೆ ನಾಯಿಗೆ ಚುಚ್ಚುವುದೆಲ್ಲ ಒಂದೇ ಸೂಜಿ! ಈಗ ನಿಮ್ಮ ಹತ್ತಿರ "ವೈರಸ್ಸೇ ಬದಲಾಗೈತೆ ಕಣಣ್ಣ, ಯಾವ ಸೂಜಿಗೂ ಬಗ್ಗಲ್ಲ" ಅಂದನಂತೆ. ಬದಲಾಗಿರುವುದು ನಿಜ, ಬೆಲ್ಲನ ಲ್ಯಾಬ್ ವರದಿಯಲ್ಲೂ ಹೊಸ ತಳಿ ಎಂದೇ ಇದೆ. ಆದರೆ ಪಾರ್ವೊ ಲಸಿಕೆ ಅದನ್ನೂ ತಡೆಯುತ್ತದೆ ಎಂದು ಡಾಕ್ಟರ್ ಹೇಳಿದರು. ಹಾಕಿಸಬೇಕಿತ್ತು, ಅಷ್ಟೆ.

ವರದಿಯ ಜೆರಾಕ್ಸ್ ಮಾಡಿಸಿಕೊಂಡು ಅವನ ಊರು ಬಾಣಾವರದ ಬಸ್ಸಿಗೆ ಹೊರಟಿದ್ದೇನೆ. ಅವನ ಮರಿಗಳನ್ನು ಕೇಳಿಟ್ಟಿರುವ ಐದು ಮನೆಗೂ ಹೋಗಿ ಒಂದೊಂದು ಕೊಡುತ್ತೇನೆ. ಅವನು ನಮ್ಮ ಗೇಟಿನಲ್ಲಿ ಹಲ್ಲು ಕಿರಿದು ನಿಂತಿರುವಾಗಲೇ ಅವನ ಊರಿಗೆಲ್ಲ ಗೊತ್ತಾಗಲಿ. ಇನ್ನು ಅವನ ಕೈಯಿಂದ ಯಾರೂ ಮರಿ ಕೊಳ್ಳಬಾರದು.

ಅನ್ನ ಮಾಡಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೊಳ್ಳಿ.

"ಮನೆ ಮಾತು ಮನೇಲೇ ಇರ್ಲಿ ಕಣೇ" ಎನ್ನಲು ಫೋನ್ ಮಾಡಬೇಡಿ. ಬೆಲ್ಲ ಮೂರು ದಿನ ನನ್ನ ಮಡಿಲಲ್ಲಿ ರಕ್ತಭೇದಿಯಾಗಿ ನರಳಿದ. ಎಷ್ಟು ಸಲ ಮಾಡಿದರೂ ಉಮೇಶ ಫೋನ್ ಎತ್ತಲಿಲ್ಲ. ಇವತ್ತು ನಾನು ಯಾರದ್ದೂ ಎತ್ತುವುದಿಲ್ಲ.

ಮೇಘಶ್ರೀ