ದಾದಾಪೀರನ ಮೊಳೆ ಬೂಟು

೧೪ ನವೆಂಬರ್ ೧೯೭೯, ಬುಧವಾರ

ಗರಡಿಯ ಗೆಳೆಯ ದಾದಾಪೀರನ ಹತ್ತಿರ ಈಗ ಎರಡು ಜೊತೆ ಬೂಟು. ಭಾರ ಎತ್ತಲು ಕಟ್ಟಿಗೆಯ ಹಿಮ್ಮಡದ್ದು, ಓಡಲು ಅಟ್ಟೆಯಡಿ ಮೊಳೆ ಇರುವುದು. ನನ್ನದು ಒಂದೇ ಕ್ಯಾನ್ವಾಸ್. ಎತ್ತುವಾಗ ಕುಸಿಯುತ್ತದೆ, ಓಡುವಾಗ ಜಾರುತ್ತದೆ.

ಸೋಮವಾರ ಗರಡಿಯಲ್ಲಿ ಮೊಳೆ ಬೂಟನ್ನು ನನ್ನ ಕೈಗೆ ಕೊಟ್ಟ. "ಭಾಳ ಬಿಗಿ ಅದಾವಲೇ. ನಿನ್ನ ಪಾದ ಅಗಲ ಅದಾವು, ಎರಡು ದಿನ ಹಾಕ್ಕೊಂಡು ಸಡಲ ಮಾಡಿಕೊಡು."

ಅವನ ಬೂಟು ಹಿಗ್ಗಿಸಲು ನನ್ನ ಕಾಲು ಬೇಕು. ಹೊಟ್ಟೆ ಉರಿಯಿತು. ಆದರೂ ಹಾಕಿಕೊಂಡು ಬೆಟಗೇರಿ ಮೈದಾನದಲ್ಲಿ ಓಡಿದೆ. ಹಾಗೆ ನಾನು ಎಂದೂ ಓಡಿರಲಿಲ್ಲ.

ಇವತ್ತು ಕೇಳಿದ: "ಸಡಲ ಆದವೇನಲೇ? ರವಿವಾರ ಓಟ ಐತಿ."

"ಇನ್ನೂ ಬಿಗಿ ಅದಾವು. ಸೋಮವಾರ ಕೊಡ್ತೀನಿ."

"ಆತು ಬಿಡು, ಈ ಸಲ ಬರಿಗಾಲಿಲೇ ಓಡ್ತೀನಿ," ಎಂದು ನಂಬಿ ಹೋದ.

ಮೊದಲ ದಿನವೇ ಸಡಿಲಾಗಿದ್ದವು. ಈಗಲೂ ಕಾಲಲ್ಲೇ ಇವೆ. ಚಾಪೆಗೆ ತೂತು ಬೀಳುತ್ತಿದ್ದರೂ ಬಿಚ್ಚಲು ಮನಸ್ಸಿಲ್ಲ.