ಭಾನುವಾರದ ನಾಲ್ಕು ಮಾತ್ರೆಗಳು

ಡುಲೂತ್,
ಫೆಬ್ರವರಿ 23, ಭಾನುವಾರ ಸಂಜೆ

ಡ್ವೇನ್‌ಗೆ,

ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ. ನಮ್ಮ ಟಿಲ್ಲಿಯ ಮಾತ್ರೆ ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದು ಮೂರು ಸಲ ಎಣಿಸಿದ್ದೇನೆ. ಜನವರಿಯ ಕೊನೆಯ ದಿನ ತಂದದ್ದು ಮೂವತ್ತು. ಒಂದನೇ ತಾರೀಖಿನಿಂದ ದಿನಕ್ಕೊಂದು. ಏಳು ಉಳಿದಿರಬೇಕಿತ್ತು, ಇರುವುದು ಮೂರೇ. ಉಳಿದ ನಾಲ್ಕು ಎಲ್ಲಿ ಹೋದವು?

ನನ್ನ ಮನೆಯಲ್ಲಿ ಡಬ್ಬಿ ಬೀಗದೊಳಗೆ, ಕೀಲಿ ನನ್ನ ಕೊರಳಲ್ಲಿ. ಶುಕ್ರವಾರ ಅದು ಮಗಳ ಜೊತೆ ನಿನ್ನ ಮನೆಗೆ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಮಗಳೂ ಡಬ್ಬಿಯೂ ನನ್ನ ಕೈಗೆ ಬರುತ್ತಾರೆ. ನಾಲ್ಕು ವಾರಾಂತ್ಯ, ನಾಲ್ಕು ಮಾತ್ರೆ. ಇದಕ್ಕೆ ಗಣಿತ ಪಂಡಿತರು ಬೇಕಿಲ್ಲ.

ಇವತ್ತಿನ ಮಾತ್ರೆ ಕೊಟ್ಟೆಯಾ ಎಂದು ಪ್ರತಿ ಭಾನುವಾರ ಕೇಳುತ್ತೇನೆ. ಏಳು ಗಂಟೆಗೇ ಕೊಟ್ಟೆ ಎಂದು ಗಾಡಿಯ ಗಾಜನ್ನು ಪೂರ್ತಿ ಇಳಿಸದೆಯೇ ಹೇಳುತ್ತೀಯ. ಆದರೆ ಒಳಗೆ ಪ್ರವಚನ ಶುರುವಾದ ಕೂಡಲೇ ಟಿಲ್ಲಿ ಬೆಂಚಿನ ಮೇಲೆ ಒದ್ದಾಡುತ್ತಾಳೆ, ಹಾಡಿನ ಪುಸ್ತಕದ ಮೂಲೆ ಕಡಿಯುತ್ತಾಳೆ. ಮಾತ್ರೆ ನುಂಗಿದ ಮಗು ಹಾಗಿರುತ್ತದೆಯೇ? ಹಾಗಾಗಿ ಎಲ್ಲರೂ ಕಾಫಿಗೆ ಎದ್ದಾಗ ನಾನೇ ಒಂದು ಕೊಡುತ್ತೇನೆ. ಅಂದಮೇಲೆ ನೀನು ಕೊಟ್ಟೆನೆಂದ ಮಾತ್ರೆ ಯಾರ ಹೊಟ್ಟೆ ಸೇರಿತು?

ಚಳಿಗಾಲವಿಡೀ ರಾತ್ರಿ ಪಾಳಿಯಲ್ಲಿ ಹಿಮ ತಳ್ಳುವ ಲಾರಿ ಓಡಿಸುವವನು ನೀನು. ನಿದ್ದೆ ತಡೆಯಲು ಇಂಥ ಮಾತ್ರೆ ನುಂಗುವ ಚಾಲಕರ ಸುದ್ದಿ ನನ್ನ ಕಿವಿಗೂ ಬಿದ್ದಿದೆ. ಒಂದು ಕಡೆ ಗಮನ ನಿಲ್ಲದ ಮಗಳ ಎಡಿಎಚ್‌ಡಿಗೆಂದು, ಅವಳ ತೂಕ ನೋಡಿ, ನಾಡಿ ನೋಡಿ ಬರೆದುಕೊಟ್ಟ ಔಷಧಿ ಅದು, ಅವಳ ಅಪ್ಪನ ಕಾಫಿಯಲ್ಲ. ಔಷಧಿ ಅಂಗಡಿಗೆ ಫೋನ್ ಮಾಡಿದರೆ ತಿಂಗಳು ತುಂಬದೆ ಒಂದನ್ನೂ ಕೊಡುವಂತಿಲ್ಲ ಎಂದಳು ಅಂಗಡಿಯವಳು. ಅವಳ ದನಿ ಕೇಳಿದರೆ ಕಳ್ಳಿ ನಾನೇ ಎಂಬಂತಿತ್ತು.

ಇನ್ನೊಂದು. ಭಾನುವಾರ ಬಂತೆಂದರೆ ಟಿಲ್ಲಿ ಊಟ ಮುಟ್ಟುವುದಿಲ್ಲ. ಇವತ್ತು ಎದೆ ಮೇಲೆ ಕೈಯಿಟ್ಟುಕೊಂಡು, ಒಳಗೆ ಯಾರೋ ಓಡುತ್ತಿದ್ದಾರೆ ಎಂದಳು. ನಿನ್ನ ಮನೆಯಲ್ಲಿ ಅವಳಿಗೆ ಕೋಲಾ ಕುಡಿಸುತ್ತೀಯೆಂದು ನನಗೆ ಗೊತ್ತು. ವಾರಾಂತ್ಯಗಳನ್ನು ನಿನ್ನಿಂದ ತಪ್ಪಿಸಲು ಲಾಯರ್ ಬಳಿ ಮಾತಾಡಿದ್ದೇನೆ. ಬುಧವಾರ ಡಾಕ್ಟರನ್ನು ಕಂಡು, ಅವರ ಚೀಟಿಯನ್ನೂ ಸೇರಿಸಿ ಇದನ್ನು ಕಳಿಸುತ್ತೇನೆ.

ಫೆಬ್ರವರಿ 26, ಬುಧವಾರ

ಮೇಲಿನದನ್ನು ಹರಿದು ಹಾಕಬಹುದಿತ್ತು. ಹಾಕಲಿಲ್ಲ. ನಾನು ಏನೇನು ಅಂದುಕೊಂಡಿದ್ದೆ ಎಂಬುದು ನಿನಗೆ ಗೊತ್ತಾಗಲಿ.

ಆಸ್ಪತ್ರೆಯ ನರ್ಸ್ ಲವಾನ್ ಟಿಲ್ಲಿಯ ಕೈಗೆ ಕ್ಯಾಲೆಂಡರಿನ ಹಾಳೆ ಕೊಟ್ಟು, ನುಂಗಿದ ಒಂದೊಂದು ಮಾತ್ರೆಗೂ ಒಂದು ಚುಕ್ಕೆ ಇಡು ಎಂದಳು. ಮಗು ನಾಲ್ಕೂ ಭಾನುವಾರಗಳಿಗೆ ಎರಡೆರಡು ಚುಕ್ಕೆ ಇಟ್ಟಿತು. ಒಂದು ಅಪ್ಪನ ಮನೆಯಲ್ಲಿ ತಿಂಡಿಯ ಜೊತೆ, ಇನ್ನೊಂದು ಚರ್ಚಿನಲ್ಲಿ. ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅಪ್ಪ ಕೊಟ್ಟಾಯ್ತು ಅಂದ್ರೆ ನೀನು ನಂಬಲ್ಲ ಅಮ್ಮ. ಅಪ್ಪಂಗೆ ಫೋನ್ ಮಾಡಿ ಬೈತೀಯ. ಅದಕ್ಕಿಂತ ನುಂಗೋದೇ ಸುಲಭ,” ಎಂದಳು.

ಒಂಬತ್ತು ವರ್ಷದ ಮಗು, ಡ್ವೇನ್. ಹಾಳೆ ಇಸಿದುಕೊಂಡು ಆ ಚುಕ್ಕೆಗಳನ್ನೂ ಮೂರು ಸಲ ಎಣಿಸಿದೆ.

ಡಾಕ್ಟರ್ ನಾಡಿ, ರಕ್ತದೊತ್ತಡ ನೋಡಿ, ಇಸಿಜಿ ಮಾಡಿಸಿದರು. ಸದ್ಯ ಎಲ್ಲ ಸರಿಯಿದೆ. ಲವಾನ್ ಮಾತ್ರ ನನ್ನನ್ನು ಸುಲಭಕ್ಕೆ ಬಿಡಲಿಲ್ಲ. ಎದೆ ಓಡುತ್ತಿದೆ ಎಂದ ಕ್ಷಣವೇ ಫೋನ್ ಮಾಡಬೇಕಿತ್ತಂತೆ. ಕೊಟ್ಟಾಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಆ ದಿನ ಕೊಡಲೇಬಾರದು; ಒಂದು ತಪ್ಪಿದರೆ ಮಗು ಒಂದಿಷ್ಟು ಕುಣಿದಾಡುತ್ತದೆ, ಎರಡಾದರೆ ಅಪಾಯ. ಚರ್ಚಿನ ಒದ್ದಾಟದ ಕಥೆ ಹೇಳಿದ್ದಕ್ಕೆ, “ಪ್ರವಚನ ಕೇಳ್ತಾ ನಾನೂ ಒದ್ದಾಡ್ತೀನಿ ಕಣಮ್ಮ. ನಂಗೂ ಮಾತ್ರೆ ಕೊಡ್ತೀಯಾ?” ಎಂದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಿನ್ನ ಮೇಲೆ ನನಗೆ ಬೇರೆ ಸಿಟ್ಟುಗಳು ಬೇಕಾದಷ್ಟಿವೆ, ಅವು ಹಾಗೇ ಇರಲಿ. ಈ ವಿಷಯದಲ್ಲಿ ನೀನು ನಿಜ ಹೇಳಿದ್ದೆ. ನಾನು ನಂಬಲಿಲ್ಲ.

ಇನ್ನು ಮೇಲೆ ಡಬ್ಬಿಯ ಜೊತೆ ಒಂದು ಹಾಳೆ ಇರುತ್ತದೆ. ಕೊಟ್ಟವರು ಗಂಟೆ ಬರೆದು ಸಹಿ ಹಾಕೋಣ. ಇವತ್ತಿಗೆ ಮಾತ್ರೆ ಮುಗಿದಿದೆ, ಹೊಸದು ಸಿಗುವವರೆಗೆ ಇಲ್ಲದೆಯೇ ಇರಲಿ ಎಂದು ಡಾಕ್ಟರ್ ಹೇಳಿದ್ದಾರೆ. ಶುಕ್ರವಾರ ಅವಳು ಬಂದಾಗ ಗಲಾಟೆ ಜಾಸ್ತಿ ಇರಬಹುದು. ಗದರಬೇಡ.

ಮಾರ್ಲಿಸ್

ತಾ.ಕ.: ಇದನ್ನು ಕಳಿಸಲೇಬೇಡ ಎಂದು ನನ್ನ ಲಾಯರ್ ಫೋನಿನಲ್ಲಿ ಕೂಗಾಡಿದಳು. ನನ್ನ ಕೈಬರಹದ ಈ ಪತ್ರ ನ್ಯಾಯಾಧೀಶರ ಮುಂದೆ ಹೋದರೆ ಟಿಲ್ಲಿ ನಿನ್ನ ಪಾಲಾಗಿ, ನನಗೆ ವಾರಾಂತ್ಯಗಳಷ್ಟೇ ಉಳಿಯಬಹುದಂತೆ. ಡಾಕ್ಟರ ಚೀಟಿಯನ್ನೂ ಇದರೊಳಗೆ ಇಟ್ಟಿದ್ದೇನೆ. ಎರಡನೆಯ ಮಾತ್ರೆ ಕೊಟ್ಟದ್ದು ತಾಯಿ ಎಂದು ಅದರಲ್ಲಿ ಬರೆದಿದೆ.